ಪಿಕಪ್‌ಗೆ ಹಾಕಿದ ಹೊಸ ಬ್ರೇಕ್ ಲೈಟ್ ಸ್ವಿಚ್: ಹೇಗಿದೆ, ತಗೋಬಹುದಾ?

ಮೊದಲೇ ಹೇಳಿಬಿಡುತ್ತೇನೆ, ಸ್ವಿಚ್ ಚೆನ್ನಾಗಿದೆ. ನನ್ನ ಪಿಕಪ್‌ಗೆ ಹಾಕಿದ ಮೇಲೆ ಒಂದು ಸಲವೂ ಕೈಕೊಟ್ಟಿಲ್ಲ. ಪೆಡಲ್ ಮೇಲೆ ಕಾಲಿಟ್ಟ ತಕ್ಷಣ ಹಿಂದಿನ ಮೂರೂ ಲೈಟ್ ಒಟ್ಟಿಗೆ, ಪೂರ್ತಿ ಬೆಳಕಿನಲ್ಲಿ ಹತ್ತುತ್ತವೆ. ಕಾಲು ತೆಗೆದರೆ ಆರುತ್ತವೆ. ಸ್ವಿಚ್‌ನಿಂದ ಇನ್ನೇನು ಬೇಕು, ಅಲ್ವಾ? ಆದರೆ ಇದನ್ನು ಹಾಕಿಕೊಳ್ಳುವವರಿಗೆ ಗೊತ್ತಿರಲೇಬೇಕಾದ ಒಂದು ವಿಷಯ ಡಬ್ಬಿಯ ಮೇಲೂ ಇಲ್ಲ, ಒಳಗಿನ ಚೀಟಿಯಲ್ಲೂ ಇಲ್ಲ. ಅದು ಲೈಟಿನ ವಿಷಯವಲ್ಲ, ಬ್ರೇಕಿನ ವಿಷಯ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಇದು ನಾಲ್ಕು ಪಿನ್ನಿನ ಸ್ವಿಚ್. ಪೆಡಲ್‌ನ ಮೇಲ್ಭಾಗದ ಬ್ರಾಕೆಟ್‌ಗೆ ತಿರುಗಿಸಿ ಹಾಕಿ, ಲಾಕ್ ನಟ್‌ನಿಂದ ಬಿಗಿ ಮಾಡುವ ತರಹದ್ದು. ನಾಲ್ಕು ಪಿನ್ ಅಂದರೆ ಒಳಗೆ ಎರಡು ಜೋಡಿ ಕಾಂಟ್ಯಾಕ್ಟ್ ಇವೆ. ಒಂದು ಜೋಡಿ ಬ್ರೇಕ್ ಲೈಟ್‌ಗೆ, ಪೆಡಲ್ ಒತ್ತಿದಾಗ ಕೂಡುತ್ತದೆ. ಇನ್ನೊಂದು ಜೋಡಿ ಕ್ರೂಸ್ ಕಂಟ್ರೋಲ್ (ಕಾಲಿಡದೆಯೇ ಗಾಡಿಯ ವೇಗವನ್ನು ಒಂದೇ ಸಮ ಇಡುವ ವ್ಯವಸ್ಥೆ) ಮತ್ತು ಎಂಜಿನ್ ಕಂಪ್ಯೂಟರ್‌ಗೆ, ಪೆಡಲ್ ಒತ್ತಿದಾಗ ಬಿಡುತ್ತದೆ. ಎರಡೂ ಒಂದಕ್ಕೊಂದು ತಾಳೆಯಾಗದಿದ್ದರೆ ಕಂಪ್ಯೂಟರ್ ದೂರು ಹೇಳುತ್ತದೆ. ನನ್ನ ಗಾಡಿಯಲ್ಲಿ ಸ್ಕ್ಯಾನರ್ ಹಾಕಿ ನೋಡಿದಾಗ ಪಿ0504 ಎಂಬ ಕೋಡ್ ಬಂದಿತ್ತು. ಎರಡು ಬ್ರೇಕ್ ಸಿಗ್ನಲ್‌ಗಳು ಹೊಂದುತ್ತಿಲ್ಲ ಎಂಬುದೇ ಅದರ ಅರ್ಥ.

ಗಾಡಿಯಲ್ಲಿ ತೊಂದರೆ ಮೆಲ್ಲಗೆ ಶುರುವಾಗಿತ್ತು. ಕ್ರೂಸ್ ಕಂಟ್ರೋಲ್ ಒಮ್ಮೊಮ್ಮೆ ತಾನಾಗಿ ಕಳಚಿಕೊಳ್ಳುತ್ತಿತ್ತು. ಆಮೇಲೆ ಹಿಂದೆ ಬರುತ್ತಿದ್ದವರೊಬ್ಬರು, ನಿಮ್ಮ ಬ್ರೇಕ್ ಲೈಟ್ ಮಂಕಾಗಿದೆ, ಮಿಣುಕುತ್ತಿದೆ ಎಂದರು. ಗಾಡಿ ಓಡಿಸುವವರಿಗೆ ತಮ್ಮ ಬ್ರೇಕ್ ಲೈಟ್ ಕಾಣುವುದೇ ಇಲ್ಲ. ಹೆಡ್‌ಲೈಟ್ ಹೋದರೆ ನಮಗೇ ಗೊತ್ತಾಗುತ್ತದೆ, ಇಂಡಿಕೇಟರ್ ಹೋದರೆ ಟಿಕ್ ಟಿಕ್ ಶಬ್ದ ಬದಲಾಗುತ್ತದೆ. ಬ್ರೇಕ್ ಲೈಟ್ ಹೋದರೆ ಗೊತ್ತಾಗುವುದು ಹಿಂದಿನವರಿಗೆ, ಅದೂ ಎಷ್ಟೋ ಸಲ ತಡವಾಗಿ. ಪಿಕಪ್ ಹಿಂದೆ ಬರುವವರಿಗಂತೂ ಕಷ್ಟ ಜಾಸ್ತಿ. ಲೋಡ್ ತುಂಬಿದ್ದರೆ ನಮ್ಮ ಮುಂದಿನ ರಸ್ತೆ ಅವರಿಗೆ ಕಾಣುವುದಿಲ್ಲ. ನಾವು ನಿಲ್ಲಿಸುತ್ತಿದ್ದೇವೆ ಎಂದು ಅವರಿಗೆ ಹೇಳುವುದು ಈ ಕೆಂಪು ಲೈಟ್ ಒಂದೇ.

ಬ್ರೇಕ್ ಲೈಟ್ ಕೆಟ್ಟಿತು ಎಂದ ಕೂಡಲೇ ಸ್ವಿಚ್ ತರಬೇಡಿ. ಮೊದಲು ಲೈಟ್ ನೋಡಿ. ಮೇಲಿನ ಮಧ್ಯದ ಲೈಟ್ ಹತ್ತಿ, ಕೆಳಗಿನ ಎರಡು ಹತ್ತದಿದ್ದರೆ ಸಾಮಾನ್ಯವಾಗಿ ಸ್ವಿಚ್‌ನದ್ದು ತಪ್ಪಿರುವುದಿಲ್ಲ. ಬಲ್ಬ್, ಹೋಲ್ಡರ್, ವೈರ್ ಕಡೆ ಹೋಗಿ. ಪಿಕಪ್‌ಗಳಲ್ಲಿ ಹಿಂದಿನ ಲೈಟ್‌ಗಳಿಗೆ ಕೆಸರು, ನೀರು, ಅಲುಗಾಟ ಎಲ್ಲ ತಗಲುತ್ತವೆ. ಅರ್ಥ್ ವೈರ್ (ಕರೆಂಟ್ ಬ್ಯಾಟರಿಗೆ ಮರಳುವ ವೈರ್) ತುಕ್ಕು ಹಿಡಿದಿರುವುದು ತೀರಾ ಸಾಮಾನ್ಯ. ಬ್ರೇಕ್ ಒತ್ತಿದರೆ ಪಾರ್ಕಿಂಗ್ ಲೈಟ್, ಇಂಡಿಕೇಟರ್ ಎಲ್ಲ ಮಸುಕಾಗಿ ಒಟ್ಟಿಗೆ ಹತ್ತುತ್ತಿದ್ದರೆ ಅದು ಅರ್ಥ್‌ನದ್ದೇ ಕಾಟ. ಮೂರೂ ಲೈಟ್ ಒಟ್ಟಿಗೆ ಹೋಗಿದ್ದರೆ ಫ್ಯೂಸ್ ನೋಡಿ. ಫ್ಯೂಸ್ ಸರಿಯಿದ್ದರೆ ಆಗ ಸ್ವಿಚ್‌ನ ಸರದಿ.

ಇನ್ನೊಂದು ತರಹದ ತೊಂದರೆಯೂ ಇದೆ: ಲೈಟ್ ಆರುವುದೇ ಇಲ್ಲ. ಇಂಜಿನ್ ಆಫ್ ಮಾಡಿ ಕೀ ತೆಗೆದರೂ ಉರಿಯುತ್ತಲೇ ಇರುತ್ತದೆ, ಬೆಳಗ್ಗೆ ಬ್ಯಾಟರಿ ಸತ್ತಿರುತ್ತದೆ. ಹೀಗಾದರೆ ಸ್ವಿಚ್‌ಗಿಂತ ಮೊದಲು ಪೆಡಲ್ ತೋಳಿನಲ್ಲಿರುವ ಚಿಕ್ಕ ಬಿಲ್ಲೆಯನ್ನು ನೋಡಿ. ರಬ್ಬರ್ ಅಥವಾ ಪ್ಲಾಸ್ಟಿಕ್‌ನ, ಷರ್ಟ್ ಗುಂಡಿಯಷ್ಟು ದೊಡ್ಡ ಬಿಲ್ಲೆ ಅದು. ಪೆಡಲ್ ಬಿಟ್ಟಿರುವಾಗ ಸ್ವಿಚ್‌ನ ಕಡ್ಡಿಯನ್ನು ಒತ್ತಿ ಹಿಡಿಯುವುದು ಅದರ ಕೆಲಸ. ವರ್ಷಗಟ್ಟಲೆ ಬಿಸಿಲಿಗೆ, ಸೆಕೆಗೆ ಗಟ್ಟಿಯಾಗಿ ಪುಡಿಪುಡಿಯಾಗಿ ಬಿದ್ದುಹೋಗುತ್ತದೆ. ಬಿಲ್ಲೆ ಹೋದರೆ ಅಲ್ಲಿ ತೂತು ಉಳಿಯುತ್ತದೆ, ಕಡ್ಡಿ ಆ ತೂತಿನೊಳಗೆ ನುಗ್ಗುತ್ತದೆ, ಪೆಡಲ್ ಒತ್ತಿದೆ ಎಂದು ಸ್ವಿಚ್ ತಿಳಿಯುತ್ತದೆ. ಕಾಲಿನ ಬಳಿ ಮ್ಯಾಟ್ ಮೇಲೆ ಬಣ್ಣದ ಪ್ಲಾಸ್ಟಿಕ್ ಚೂರುಗಳು ಬಿದ್ದಿವೆಯಾ ನೋಡಿ. ಇದ್ದರೆ ಉತ್ತರ ಸಿಕ್ಕಿತು, ಬಿಲ್ಲೆ ಬದಲಿಸಿದರೆ ಸಾಕು.

ನಾನು ಕೊಂಡ ಸ್ವಿಚ್‌ಗೆ ನನ್ನಿಂದ ಹೆಚ್ಚು ಅಂಕ ಸಿಗುವುದು ಇಲ್ಲೇ. ಡಬ್ಬಿಯಲ್ಲಿ ಸ್ವಿಚ್ ಜೊತೆ ಹೊಸ ಬಿಲ್ಲೆಯನ್ನೂ ಇಟ್ಟಿದ್ದಾರೆ. ಮೃದುವಾದ, ಹಿಂಬದಿಯಲ್ಲಿ ಸರಿಯಾದ ಕೊಕ್ಕೆ ಇರುವ ಬಿಲ್ಲೆ. ಬೆರಳಿನಿಂದ ಒತ್ತಿದರೆ ತೂತಿಗೆ ಟಕ್ ಎಂದು ಕೂರುತ್ತದೆ. ಹಳೆಯ ಬಿಲ್ಲೆಯ ಮೇಲೆ ಹೊಸ ಸ್ವಿಚ್ ಹಾಕುವುದು ಅರ್ಧ ಕೆಲಸ ಎಂದು ತಿಳಿದವರೇ ಈ ಡಬ್ಬಿ ತುಂಬಿದ್ದಾರೆ.

ನನ್ನ ಗಾಡಿಯ ಹಳೆಯ ಸ್ವಿಚ್‌ನಲ್ಲಿ ಏನಾಗಿತ್ತು ಎಂಬುದನ್ನು ಹೇಳಲೇಬೇಕು. ಮಲ್ಟಿಮೀಟರ್ ಅನ್ನು ಬೀಪ್‌ಗೆ ಇಟ್ಟು ನೋಡಿದರೆ ಬೀಪ್ ಬಂತು. ಸ್ವಿಚ್ ಸರಿಯಾಗಿದೆ ಎಂದು ಬಿಟ್ಟುಬಿಡುವ ಜಾಗ ಅದೇ. ಬೀಪ್‌ಗೆ ಬೇಕಾದದ್ದು ಚೂರೇ ಚೂರು ಕರೆಂಟ್, ಲೈಟ್‌ಗೆ ಬೇಕಾದದ್ದು ತುಂಬ ಜಾಸ್ತಿ. ಒಂದು ಬ್ರೇಕ್ ಬಲ್ಬ್ ಸಾಮಾನ್ಯವಾಗಿ 21 ವ್ಯಾಟ್. ಕೆಳಗಿನ ಎರಡೇ ಲೆಕ್ಕ ಹಾಕಿದರೂ 42 ವ್ಯಾಟ್, 12 ವೋಲ್ಟ್‌ನಲ್ಲಿ ಮೂರೂವರೆ ಆಂಪಿಯರ್. ಹಾಗಾಗಿ ಲೈಟ್ ಉರಿಯುತ್ತಿರುವಾಗಲೇ ಅಳೆಯಬೇಕು. ಪೆಡಲ್ ಒತ್ತಿ ಹಿಡಿಯಲು ಒಬ್ಬರನ್ನು ಕೂರಿಸಿ, ಸ್ವಿಚ್‌ನಲ್ಲಿ ಬ್ರೇಕ್ ಲೈಟ್‌ಗೆಂದು ಇರುವ ಎರಡು ಪಿನ್‌ಗಳ ನಡುವೆ ವೋಲ್ಟೇಜ್ ನೋಡಿದೆ. ಸೊನ್ನೆಯ ಹತ್ತಿರ ಇರಬೇಕಾದದ್ದು ಎರಡೂವರೆ ವೋಲ್ಟ್ ಹತ್ತಿರ ಇತ್ತು. ಬಲ್ಬ್‌ಗೆ ಹೋಗಬೇಕಾದ ವೋಲ್ಟೇಜ್ ದಾರಿಯಲ್ಲೇ ಸ್ವಿಚ್‌ನೊಳಗೆ ಕಳೆದುಹೋಗುತ್ತಿತ್ತು. ಅಂದರೆ ಏಳೆಂಟು ವ್ಯಾಟ್ ಶಾಖ ಆ ಪುಟ್ಟ ಪ್ಲಾಸ್ಟಿಕ್ ಡಬ್ಬಿಯೊಳಗೇ ಹುಟ್ಟುತ್ತಿತ್ತು.

ಬಿಚ್ಚಿದ ಮೇಲೆ ಬ್ಲೇಡ್‌ನಿಂದ ಅಂಚು ಬಿಡಿಸಿ ತೆರೆದು ನೋಡಿದೆ. ತಾಮ್ರದ ಸಣ್ಣ ಪಟ್ಟಿ, ಅದರ ತುದಿಯಲ್ಲಿ ಸಾಸಿವೆ ಕಾಳಿಗಿಂತ ತುಸು ದೊಡ್ಡ ಕಾಂಟ್ಯಾಕ್ಟ್. ಹೊಳೆಯುವ ಬದಲು ಕಪ್ಪಾಗಿತ್ತು, ನಡುವೆ ಗುಳಿ ಬಿದ್ದಿತ್ತು. ಎದುರಿನ ಕಾಂಟ್ಯಾಕ್ಟ್‌ನಲ್ಲಿ ಅದೇ ಜಾಗದಲ್ಲಿ ಚಿಕ್ಕ ಮೊಳಕೆಯಂತೆ ಲೋಹ ಎದ್ದಿತ್ತು. ಒಂದು ಕಡೆಯ ಲೋಹ ಕಿಡಿಯ ಜೊತೆ ಇನ್ನೊಂದು ಕಡೆಗೆ ಹಾರಿ ಅಂಟಿದ ಗುರುತು ಅದು. ಸುತ್ತಲಿನ ಗ್ರೀಸ್ ಒಣಗಿ ಕಂದು ಅಂಟಾಗಿತ್ತು. ಪಟ್ಟಿ ಕೂತಿದ್ದ ಪ್ಲಾಸ್ಟಿಕ್ ಗೋಡೆ ಒಂದು ಬದಿಗೆ ಕರಗಿ ವಾಲಿತ್ತು. ತಣ್ಣಗಿರುವ ಬಲ್ಬ್‌ನ ತಂತಿ ಹತ್ತುವ ಕ್ಷಣದಲ್ಲಿ ಮಾಮೂಲಿಗಿಂತ ಎಷ್ಟೋ ಪಟ್ಟು ಕರೆಂಟ್ ಎಳೆಯುತ್ತದೆ. ಪ್ರತಿ ಸಲ ಬ್ರೇಕ್ ಒತ್ತಿದಾಗಲೂ ಆ ಹೊಡೆತ ಬೀಳುವುದು ಈ ಕಾಳಿನಷ್ಟು ಲೋಹದ ಮೇಲೆ. ಇದನ್ನು ನೋಡಿದ ಮೇಲೆ ಸ್ವಿಚ್‌ಗೆ ಸ್ಪ್ರೇ ಹೊಡೆದು ಸರಿ ಮಾಡುವ ಸಲಹೆಗಳ ಮೇಲೆ ನನಗೆ ನಂಬಿಕೆ ಉಳಿದಿಲ್ಲ. ಕರಗಿದ ಪ್ಲಾಸ್ಟಿಕ್ ಯಾವ ಸ್ಪ್ರೇಗೂ ನೇರವಾಗುವುದಿಲ್ಲ.

ಅನೇಕ ಗಾಡಿಗಳಲ್ಲಿ ಬ್ರೇಕ್ ಲೈಟ್‌ನ ಲೈನ್‌ನಲ್ಲಿ ಕೀ ತೆಗೆದಿದ್ದರೂ ಕರೆಂಟ್ ಇರುತ್ತದೆ ಎಂಬುದನ್ನೂ ಮರೆಯಬೇಡಿ. ಅಮೆರಿಕದಲ್ಲಿ ಫೋರ್ಡ್ 1999ರಿಂದ 2009ರವರೆಗೆ 1 ಕೋಟಿ 40 ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ಹಂತಹಂತವಾಗಿ ವಾಪಸ್ ಕರೆಸಿತು. ಅದರಲ್ಲಿ ಎಫ್-150 ಪಿಕಪ್‌ಗಳೂ ಇದ್ದವು. ಅಲ್ಲಿ ಕೆಟ್ಟದ್ದು ಬ್ರೇಕ್ ಲೈಟ್ ಸ್ವಿಚ್ ಅಲ್ಲ, ಬ್ರೇಕ್ ಒತ್ತಿದಾಗ ಕ್ರೂಸ್ ಕಂಟ್ರೋಲ್ ಬಿಡಿಸುವ ಇನ್ನೊಂದು ಸ್ವಿಚ್. ಅದರೊಳಗೆ ಬ್ರೇಕ್ ಆಯಿಲ್ ಸೋರಿ ಬೆಂಕಿ ಹತ್ತುತ್ತಿತ್ತು, ನಿಲ್ಲಿಸಿದ್ದ ಗಾಡಿಯಲ್ಲೂ. ಯಾವಾಗಲೂ ಕರೆಂಟ್ ಇರುವ ಪುಟ್ಟ ಸ್ವಿಚ್ ಅಂದರೆ ಹಗುರವಾಗಿ ನೋಡಬಾರದು ಎಂದು ನಾನು ಹೇಳುವುದು ಇದಕ್ಕೇ. ಹಾಗಾಗಿ ಕೆಲಸಕ್ಕೆ ಕೈ ಹಾಕುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಪೆಡಲ್ ಮೇಲ್ಭಾಗದಲ್ಲಿ ಒದ್ದೆ ಕಂಡರೆ ಅದನ್ನೂ ಹುಡುಕಿ. ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ಅನ್ನು ಚಕ್ರಗಳ ಕಡೆಗೆ ತಳ್ಳುವ ಪಂಪ್) ಕಡೆಯಿಂದ ಆಯಿಲ್ ಇಳಿಯುತ್ತಿದ್ದರೆ ಹೊಸ ಸ್ವಿಚ್ ಹಾಕುವುದು ಸುಮ್ನೆ ದಂಡ.

ಈಗ ಹೊಸ ಸ್ವಿಚ್‌ನ ಗುಣಕ್ಕೆ ಬರೋಣ. ಕಡ್ಡಿ ನುಣುಪಾಗಿ ಓಡುತ್ತದೆ, ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ, ಓರೆಯಾಗಿ ಒತ್ತಿದರೂ ಬಿಟ್ಟ ತಕ್ಷಣ ಹೊರಗೆ ಬರುತ್ತದೆ. ಸ್ಪ್ರಿಂಗ್ ಗಟ್ಟಿಯಾಗಿದೆ. ಇದು ಮುಖ್ಯ. ಪೆಡಲ್ ಬಿಟ್ಟಿರುವಾಗ ಈ ಕಡ್ಡಿ ಒತ್ತಿಸಿಕೊಂಡೇ ಇರುತ್ತದೆ, ಗಾಡಿ ನಿಂತಿರುವ ಅಷ್ಟೂ ಹೊತ್ತು. ದುರ್ಬಲ ಸ್ಪ್ರಿಂಗ್ ಬೇಗ ಸೋತುಹೋಗುತ್ತದೆ. ಕನೆಕ್ಟರ್ ಸರಿಯಾಗಿ ಕೂತಿತು, ಲಾಕ್ ಮಾತ್ರ ಸ್ವಲ್ಪ ಬಿಗಿ. ಹಾಕುವ ಮೊದಲು ಮೀಟರ್‌ನಲ್ಲಿ ಎರಡೂ ಜೋಡಿ ನೋಡಿದೆ, ಹಳೆಯದರ ಪಿನ್ ಕ್ರಮವೇ ಇತ್ತು. ಇದನ್ನು ನೀವೂ ಮಾಡಿ. ನೋಡಲು ಒಂದೇ ತರಹ ಇದ್ದು ಒಳಗೆ ತಿರುವು ಮುರುವಾಗಿ ಕೆಲಸ ಮಾಡುವ ಸ್ವಿಚ್‌ಗಳೂ ಇವೆ. ಹಾಕಿದ ಮೇಲೆ ಲೈಟ್ ಉರಿಯುತ್ತಿರುವಾಗ ಮತ್ತೆ ಅಳೆದರೆ 0.1 ವೋಲ್ಟ್ ಕೂಡ ಕಳೆದುಹೋಗುತ್ತಿರಲಿಲ್ಲ.

ಹಾಕುವ ಕೆಲಸ ಕಷ್ಟವಲ್ಲ, ಜಾಗ ಕಷ್ಟ. ಸೀಟ್ ಪೂರ್ತಿ ಹಿಂದಕ್ಕೆ ತಳ್ಳಿ, ಬೆನ್ನು ಬಾಗಿಲ ಹೊಸ್ತಿಲ ಮೇಲೆ, ತಲೆ ಪೆಡಲ್ ಕೆಳಗೆ. ತಲೆಗೆ ಕಟ್ಟುವ ಟಾರ್ಚ್ ಇದ್ದರೆ ತುಂಬ ಅನುಕೂಲ. ಕನೆಕ್ಟರ್ ಮೊದಲು ಬಿಚ್ಚಿ. ಇಲ್ಲದಿದ್ದರೆ ಸ್ವಿಚ್ ತಿರುಗಿಸುವಾಗ ವೈರ್ ಮುರುಟಿ ಕಿತ್ತುಬರುತ್ತದೆ.

ಆರಂಭದಲ್ಲಿ ಹೇಳಿದ, ಚೀಟಿಯಲ್ಲಿ ಇಲ್ಲದ ವಿಷಯ ಇದು: ಸ್ವಿಚ್ ಅನ್ನು ಎಷ್ಟು ಒಳಕ್ಕೆ ತಿರುಗಿಸಬೇಕು? ಚೀಟಿಯಲ್ಲಿ ಒಂದು ಚಿತ್ರ, ಒಂದು ಬಾಣ, ಅಷ್ಟೇ. ಕಡಿಮೆ ತಿರುಗಿಸಿದರೆ ಲೈಟ್ ಆರುವುದಿಲ್ಲ, ಅದು ಕಣ್ಣಿಗೆ ಕಾಣುತ್ತದೆ. ಜಾಸ್ತಿ ತಿರುಗಿಸಿದರೆ ಆಗುವುದು ಕಾಣುವುದಿಲ್ಲ. ಸ್ವಿಚ್‌ನ ಮೈ ಬಿಲ್ಲೆಗೆ ತಾಗಿ ಪೆಡಲ್ ಅನ್ನು ಕೂದಲೆಳೆಯಷ್ಟು ಕೆಳಗೇ ತಡೆದು ಹಿಡಿಯುತ್ತದೆ. ಪೆಡಲ್ ಪೂರ್ತಿ ಮೇಲೆ ಬರದಿದ್ದರೆ ಮಾಸ್ಟರ್ ಸಿಲಿಂಡರ್‌ನ ಪಿಸ್ಟನ್ ಪೂರ್ತಿ ಹಿಂದಕ್ಕೆ ಸರಿಯುವುದಿಲ್ಲ. ಆಯಿಲ್ ಟ್ಯಾಂಕಿಗೆ ಮರಳುವ ಸಣ್ಣ ತೂತು ಮುಚ್ಚಿಯೇ ಉಳಿಯುತ್ತದೆ. ಓಡಿಸುತ್ತಾ ಆಯಿಲ್ ಬಿಸಿಯಾಗಿ ಹಿಗ್ಗುತ್ತದೆ, ಹೋಗಲು ದಾರಿಯಿಲ್ಲದೆ ಬ್ರೇಕ್ ತಾನಾಗಿ ಹಿಡಿಯಲು ಶುರು ಮಾಡುತ್ತದೆ. ಹಿಡಿದಷ್ಟೂ ಬಿಸಿ, ಬಿಸಿಯಾದಷ್ಟೂ ಹಿಡಿತ. ಲೋಡ್ ಹಾಕಿಕೊಂಡು ಇಳಿಜಾರಿನಲ್ಲಿ ಹೋಗುವ ಪಿಕಪ್‌ಗೆ ಇದು ಅಪಾಯ. ಲೈಟ್ ಸರಿ ಮಾಡಲು ಹೋಗಿ ಬ್ರೇಕ್ ಕೆಡಿಸಿದಂತಾಗುತ್ತದೆ.

ನಾನು ಮಾಡಿದ್ದು ಹೀಗೆ. ಪೆಡಲ್ ಅನ್ನು ಕೈಯಿಂದ ಪೂರ್ತಿ ಮೇಲಕ್ಕೆ ಎಳೆದು ಹಿಡಿದು, ಸ್ವಿಚ್‌ನ ಮೈ ಬಿಲ್ಲೆಗೆ ಮೆಲ್ಲಗೆ ತಾಗುವವರೆಗೆ ತಿರುಗಿಸಿದೆ. ಆಮೇಲೆ ಒಂದು ಸುತ್ತಿನಷ್ಟು ಹಿಂದಕ್ಕೆ ಬಿಟ್ಟೆ. ನಡುವೆ ಒಂದು ಮಿಲಿಮೀಟರ್‌ಗಿಂತ ತುಸು ಜಾಸ್ತಿ ಸಂದು ಉಳಿಯಿತು, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು) ಹಾಕಿ ನೋಡಿದೆ. ನಿಮ್ಮ ಗಾಡಿಗೆ ಎಷ್ಟು ಸಂದು ಬೇಕು ಎಂಬುದು ಅದರ ಸರ್ವೀಸ್ ಪುಸ್ತಕದಲ್ಲಿರುತ್ತದೆ, ಆ ಅಳತೆಯೇ ಅಂತಿಮ. ಲಾಕ್ ನಟ್ ಬಿಗಿಯುವಾಗ ಸ್ವಿಚ್ ಜೊತೆಗೇ ತಿರುಗುತ್ತದೆ, ಅದಕ್ಕೆ ಮೈಯನ್ನು ಕೈಯಲ್ಲಿ ಹಿಡಿದೇ ಬಿಗಿಯಿರಿ, ಮತ್ತೆ ಸಂದು ನೋಡಿ. ಬ್ರೇಕ್ ಹಿಡಿಯಲು ಶುರುವಾಗುವ ಮೊದಲೇ, ಪೆಡಲ್ ತುಸು ಇಳಿದ ಕೂಡಲೇ ಲೈಟ್ ಹತ್ತಬೇಕು. ಕೊನೆಗೆ ಚಕ್ರ ಜಾಕ್ ಮೇಲೆ ಎತ್ತಿ, ಕೈಯಿಂದ ತಿರುಗಿಸಿ, ಸಲೀಸಾಗಿ ತಿರುಗುತ್ತದೆ ಎಂದು ಖಾತ್ರಿ ಮಾಡಿಕೊಂಡೆ. ಸ್ವಲ್ಪ ದೂರ ಓಡಿಸಿ ಬಂದು ನಾಲ್ಕೂ ಚಕ್ರದ ಬಳಿ ಅಂಗೈ ಹಿಡಿದು, ಯಾವುದಾದರೂ ಅತಿ ಬಿಸಿ ಇದೆಯಾ ಎಂದೂ ನೋಡಿದೆ. ಇಲ್ಲ.

ಎಲ್ಲ ಪಿಕಪ್‌ಗಳಲ್ಲೂ ಹೀಗೆ ತಿರುಗಿಸುವ ಸ್ವಿಚ್ ಇರುವುದಿಲ್ಲ. ಕಾಲು ಸುತ್ತು ತಿರುಗಿಸಿ ಕೂರಿಸುವ, ತಾನೇ ಅಳತೆ ಹೊಂದಿಸಿಕೊಳ್ಳುವ ಸ್ವಿಚ್‌ಗಳೂ ಇವೆ. ಕೆಲವನ್ನು ಒಮ್ಮೆ ಹೊಂದಿಸಿದ ಮೇಲೆ ತೆಗೆದು ಮತ್ತೆ ಬಳಸಲು ಆಗುವುದಿಲ್ಲ. ಅದಕ್ಕೆ ಪರೀಕ್ಷೆಗೆಂದು ಸುಮ್ನೆ ಬಿಚ್ಚಬೇಡಿ, ಜಾಗದಲ್ಲೇ ಅಳೆಯಿರಿ.

ಆಟೋಮ್ಯಾಟಿಕ್ ಗೇರ್ ಇರುವವರು ಇನ್ನೊಂದು ಗಮನಿಸಿ. ಗೇರ್ ಪಾರ್ಕ್‌ನಿಂದ ಹೊರಗೆ ಬರದಿದ್ದರೆ, ಅಥವಾ ಬಟನ್ ಒತ್ತಿದರೆ ಇಂಜಿನ್ ಸ್ಟಾರ್ಟ್ ಆಗದಿದ್ದರೆ, ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು ಬ್ರೇಕ್ ಲೈಟ್ ಹತ್ತುತ್ತಿದೆಯಾ ನೋಡಿ. ಬ್ರೇಕ್ ಒತ್ತಿದ್ದೀರಿ ಎಂಬ ಸುದ್ದಿ ಅನೇಕ ಗಾಡಿಗಳಲ್ಲಿ ಈ ಸ್ವಿಚ್‌ನಿಂದಲೇ ಹೋಗುತ್ತದೆ. ಒಬ್ಬರೇ ಇದ್ದರೆ ಕತ್ತಲಾದ ಮೇಲೆ ಗೋಡೆಗೆ ಹಿಂಬದಿ ಮಾಡಿ ನಿಲ್ಲಿಸಿ, ಕನ್ನಡಿಯಲ್ಲಿ ಗೋಡೆಯ ಮೇಲಿನ ಕೆಂಪು ನೋಡಿದರೆ ಸಾಕು.

ಕೊರತೆ ಅಂದರೆ ಆ ಚೀಟಿಯೊಂದೇ. ಸಂದಿನ ಬಗ್ಗೆ ಎರಡು ಸಾಲು ಬರೆದಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ, ಈಗ ನಾಲ್ಕು. ಟ್ರೇಲರ್ ಎಳೆಯುವವರು ಮಾತ್ರ ಇದೊಂದನ್ನೇ ನಂಬಬೇಡಿ. ಟ್ರೇಲರ್‌ನ ಎರಡು ಬಲ್ಬ್ ಸೇರಿದರೆ 84 ವ್ಯಾಟ್, 7 ಆಂಪಿಯರ್. ಅದೆಲ್ಲ ಈ ಸ್ವಿಚ್ ಮೂಲಕವೇ ಹೋಗುವಂತೆ ವೈರ್ ಎಳೆದಿದ್ದರೆ ನನ್ನ ಹಳೆಯ ಸ್ವಿಚ್‌ನ ಗತಿಯೇ ಇದಕ್ಕೂ ಬರುತ್ತದೆ. ಟ್ರೇಲರ್ ಲೈಟ್‌ಗೆ ಬೇರೆ ಫ್ಯೂಸ್ ಇಟ್ಟು, ರಿಲೇ (ಸಣ್ಣ ಕರೆಂಟ್‌ನಿಂದ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್) ಹಾಕಿಸಿ.