ಹಳೆಯ ಯುಎಸ್‌ಬಿ ಪ್ರಿಂಟರ್‌ಗೆ ರಾಸ್ಪ್‌ಬೆರಿ ಪೈ ಪ್ರಿಂಟ್ ಸರ್ವರ್: ದೀರ್ಘಕಾಲದ ಬಳಕೆಯ ವಿಮರ್ಶೆ

ವೈಫೈ ಇಲ್ಲದ ಯುಎಸ್‌ಬಿ ಲೇಸರ್ ಪ್ರಿಂಟರ್, ಅದಕ್ಕೆ ಜೋಡಿಸಿದ ರಾಸ್ಪ್‌ಬೆರಿ ಪೈ ಝೀರೊ 2 ಡಬ್ಲ್ಯು ಎಂಬ ಪುಟ್ಟ ಕಂಪ್ಯೂಟರ್, ಅದರಲ್ಲಿ ಪ್ರಿಂಟ್ ಕೆಲಸಗಳನ್ನು ನಿಭಾಯಿಸುವ ಕಪ್ಸ್ ತಂತ್ರಾಂಶ. ಇಷ್ಟಿದ್ದರೆ ಮನೆಯ ಎಲ್ಲ ಲ್ಯಾಪ್‌ಟಾಪ್, ಫೋನುಗಳಿಂದ ಪ್ರಿಂಟ್ ಬರುತ್ತದೆ. ಹೊಂದಿಸಲು ಒಂದು ಗಂಟೆ ಸಾಕು. ಕಷ್ಟ ಇರುವುದು ಆಮೇಲೆ. ಕಪ್ಸ್‌ನ ಡೀಫಾಲ್ಟ್ ಸೆಟ್ಟಿಂಗ್‌ಗಳು ಮುಂದೆ ಯಾರಾದರೂ ಕೂತಿರುವ ಕಂಪ್ಯೂಟರ್‌ಗೆ ಒಪ್ಪುವಂಥವು. ಪರದೆ, ಕೀಬೋರ್ಡ್ ಯಾವುದೂ ಇಲ್ಲದೆ ಮೂಲೆಯಲ್ಲಿ ಕೂತ ಪೆಟ್ಟಿಗೆಗೂ ಅವನ್ನೇ ಬಿಟ್ಟರೆ ಆಗಾಗ ‘ಪ್ರಿಂಟ್ ಬರ್ತಿಲ್ಲ’ ಎಂಬ ದೂರು ತಪ್ಪದು. ಅವನ್ನು ಬದಲಿಸಿದ ಮೇಲೆ ಇದು 5ಕ್ಕೆ 4 ಅಂಕದ ವ್ಯವಸ್ಥೆ. ಬದಲಿಸದಿದ್ದರೆ 2 ಕೊಡುವುದೂ ಹೆಚ್ಚೇ.

ಬೇರೆ ದಾರಿಗಳೂ ಇವೆ. ವಿಂಡೋಸ್ ಪಿಸಿಗೆ ಜೋಡಿಸಿ ಶೇರ್ ಮಾಡಿದರೆ ಆ ಪಿಸಿ ಸದಾ ಆನ್ ಇರಬೇಕು. ಜೊತೆಗೆ 2021ರಲ್ಲಿ ವಿಂಡೋಸ್‌ನ ಪ್ರಿಂಟ್ ಸೇವೆಯಲ್ಲಿ ಪ್ರಿಂಟ್‌ನೈಟ್‌ಮೇರ್ ಎಂಬ ದೋಷ ಬಯಲಾದ ಮೇಲೆ ಬಂದ ಭದ್ರತಾ ಅಪ್‌ಡೇಟ್‌ಗಳಿಂದ, ‘11ಬಿ’ ಎಂದು ಕೊನೆಯಾಗುವ ಎರರ್ ತೋರಿಸಿ ಸಂಪರ್ಕವೇ ಕಡಿದುಹೋಗುವುದು ಮಾಮೂಲಾಯಿತು. ಎರಡೂ ಪಿಸಿಗಳಲ್ಲಿ ಅಪ್‌ಡೇಟ್ ಒಂದೇ ಮಟ್ಟದಲ್ಲಿಲ್ಲದಿದ್ದರೆ ಇದು ಬರುತ್ತದೆ. ಅಂತರ್ಜಾಲದಲ್ಲಿ ಸಿಗುವ ರಿಜಿಸ್ಟ್ರಿ, ಅಂದರೆ ವಿಂಡೋಸ್‌ನ ಒಳಸೆಟ್ಟಿಂಗ್ ತಿದ್ದುವ ಮದ್ದು ಆ ಭದ್ರತೆಯನ್ನೇ ಕಳಚಿಡುತ್ತದೆ, ಅದನ್ನು ಮಾಡಬೇಡಿ. ರೌಟರಿನ ಯುಎಸ್‌ಬಿ ಪೋರ್ಟ್‌ನದು ಇನ್ನೊಂದು ಬಗೆ. ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಇರುವ ರೌಟರ್‌ನಲ್ಲಿ ಪಿ910ಎನ್‌ಡಿ ಎಂಬ ಪುಟ್ಟ ಪ್ರೋಗ್ರಾಂ 9100ನೇ ಪೋರ್ಟ್‌ಗೆ ಬಂದದ್ದನ್ನು ಹಾಗೇ ಪ್ರಿಂಟರ್‌ಗೆ ಸುರಿಯುತ್ತದೆ. ಕೆಲಸಗಳ ಸರದಿ ಇಲ್ಲ, ಪುಟವನ್ನು ಪ್ರಿಂಟರಿನ ಭಾಷೆಗೆ ಮಾರ್ಪಡಿಸುವ ಡ್ರೈವರ್ ಇಲ್ಲ. ಎಲ್ಲ ಯಂತ್ರಗಳೂ ವಿಂಡೋಸ್ ಆಗಿದ್ದು, ಪ್ರತಿಯೊಂದರಲ್ಲೂ ಡ್ರೈವರ್ ಹಾಕಲು ಬೇಸರವಿಲ್ಲದವರಿಗೆ ಇದಕ್ಕಿಂತ ಸರಳವಾದದ್ದಿಲ್ಲ. ಫೋನಿನಿಂದ ಪ್ರಿಂಟ್ ಬೇಕೆಂದರೆ ಮಾತ್ರ ಇದು ಕೆಲಸಕ್ಕೆ ಬಾರದು.

ಪೈ ಕೊಳ್ಳುವ ಮುಂಚೆ ನೋಡಬೇಕಾದದ್ದು ಪ್ರಿಂಟರಿನ ಡ್ರೈವರ್ ಒಂದನ್ನೇ. ಅಗ್ಗದ ಲೇಸರ್‌ಗಳಲ್ಲಿ ಬಹುಪಾಲಿಗೆ ಪೋಸ್ಟ್‌ಸ್ಕ್ರಿಪ್ಟ್, ಪಿಸಿಎಲ್ ಎಂಬ ಸಾಮಾನ್ಯ ಪ್ರಿಂಟರ್ ಭಾಷೆಗಳು ಯಾವುವೂ ಅರ್ಥವಾಗವು. ಪುಟದ ಚಿತ್ರವನ್ನು ಕಂಪ್ಯೂಟರೇ ಚುಕ್ಕೆಚುಕ್ಕೆಯಾಗಿ ಬಿಡಿಸಿ ಕಳಿಸಬೇಕು, ಅದೂ ಆಯಾ ಕಂಪನಿಯ ಗುಟ್ಟಿನ ರೂಪದಲ್ಲಿ. ಪೈನಲ್ಲಿ ಓಡುವುದು ಲಿನಕ್ಸ್ ಓಎಸ್. ಕೆಲವು ಕಂಪನಿಗಳ ಲಿನಕ್ಸ್ ಡ್ರೈವರ್ ಇಂಟೆಲ್ ಮಾದರಿಯ ಪ್ರೊಸೆಸರ್‌ಗೆ ಮಾತ್ರ ಇರುತ್ತದೆ, ಪೈನ ಎಆರ್‌ಎಂ ಚಿಪ್‌ನಲ್ಲಿ ಓಡುವುದೇ ಇಲ್ಲ. ‘ಲಿನಕ್ಸ್ ಸಪೋರ್ಟ್ ಇದೆ’ ಎಂದು ಡಬ್ಬದ ಮೇಲೆ ಬರೆದಿದ್ದರೂ ಇದನ್ನು ಖಚಿತಪಡಿಸಿಕೊಳ್ಳಿ. ಮುಕ್ತ ಡ್ರೈವರ್ ಇದ್ದರೆ ಈ ತಲೆನೋವಿಲ್ಲ: ಬ್ರದರ್‌ನ ಅನೇಕ ಲೇಸರ್‌ಗಳಿಗೆ ಬಿಆರ್‌ಲೇಸರ್, ಎಪ್ಸನ್ ಇಂಕ್‌ಜೆಟ್‌ಗಳಿಗೆ ಇಎಸ್‌ಸಿಪಿಆರ್, ಹಳೆಯ ಸ್ಯಾಮ್‌ಸಂಗ್‌ಗಳಿಗೆ ಸ್ಪ್ಲಿಕ್ಸ್. ಎಚ್‌ಪಿಗೆ ಎಚ್‌ಪಿಲಿಪ್ ಇದೆ, ಆದರೆ ಕೆಲವು ಮಾಡೆಲ್‌ಗಳಿಗೆ ಅದರ ಜೊತೆ ಪ್ರತ್ಯೇಕ ಪ್ಲಗಿನ್ ಬೇಕು. ಆ ಪ್ಲಗಿನ್ನಿನ ಆವೃತ್ತಿ ಎಚ್‌ಪಿಲಿಪ್‌ನ ಆವೃತ್ತಿಗೆ ಸರಿಹೊಂದಲೇಬೇಕು. ಹಾಗಾಗಿ ಪೈ ಅಪ್‌ಡೇಟ್ ಮಾಡಿದ ಮರುದಿನ ಪ್ರಿಂಟ್ ನಿಂತರೆ ಮೊದಲ ಅನುಮಾನ ಅಲ್ಲಿಗೇ ಹೋಗಲಿ. ಲೇಸರ್‌ಜೆಟ್ 1020 ತರಹದ ಪ್ರಿಂಟರ್‌ಗಳದು ಇನ್ನೂ ಒಂದು ರಗಳೆ. ಅವುಗಳ ಫರ್ಮ್‌ವೇರ್ (ಒಳತಂತ್ರಾಂಶ) ಪ್ರಿಂಟರಿನೊಳಗೆ ಉಳಿಯುವುದಿಲ್ಲ, ಪ್ರತಿ ಸಲ ಆನ್ ಮಾಡಿದಾಗಲೂ ಪೈ ಅದನ್ನು ಹೊಸದಾಗಿ ತುಂಬಬೇಕು.

ಜೋಡಣೆಯಲ್ಲಿ ಎಡವುವ ಜಾಗ ಎರಡೇ. ಝೀರೊ 2 ಡಬ್ಲ್ಯುನಲ್ಲಿ ಒಂದೇ ಥರ ಕಾಣುವ ಎರಡು ಮೈಕ್ರೊ ಯುಎಸ್‌ಬಿ ಕಿಂಡಿಗಳಿವೆ. ಅಂಚಿನದು ವಿದ್ಯುತ್‌ಗೆ, ಎಚ್‌ಡಿಎಂಐ ಕಡೆಯದು ಪ್ರಿಂಟರ್‌ಗೆ, ಅದಕ್ಕೆ ಪ್ರಿಂಟರ್ ಕೇಬಲ್ ಚುಚ್ಚಲು ಒಟಿಜಿ ಅಡಾಪ್ಟರ್ ಬೇಕು. ಇನ್ನು ವಿದ್ಯುತ್ ಅಡಾಪ್ಟರ್ 5 ವೋಲ್ಟ್, 2.5 ಆಂಪಿಯರ್‌ನದಿರಲಿ, ಹಳೆಯ ಫೋನ್ ಚಾರ್ಜರ್ ಹಾಕಿದರೆ ದೊಡ್ಡ ಕೆಲಸದ ನಡುವೆ ಪೈ ರೀಸ್ಟಾರ್ಟ್ ಆಗಬಹುದು. ಪ್ರಿಂಟರ್ ಕೇಬಲ್ 2 ಮೀಟರ್ ಒಳಗಿದ್ದರೆ ಒಳ್ಳೆಯದು.

ಪರದೆಯಿಲ್ಲದ ಲೈಟ್ ಆವೃತ್ತಿಯ ಓಎಸ್ ಹಾಕಿ, ಕಪ್ಸ್ ಮತ್ತು ಪ್ರಿಂಟರನ್ನು ನೆಟ್‌ವರ್ಕಿನಲ್ಲಿ ಸಾರುವ ಅವಾಹಿ ಇನ್‌ಸ್ಟಾಲ್ ಮಾಡಿ, ನಿಮ್ಮ ಯೂಸರ್ ಹೆಸರನ್ನು ಪ್ರಿಂಟರ್ ನಿರ್ವಹಿಸುವ ಹಕ್ಕಿರುವ ‘ಎಲ್‌ಪಿಅಡ್ಮಿನ್’ ಗುಂಪಿಗೆ ಸೇರಿಸಿ. ಸೇರಿಸದಿದ್ದರೆ ಪ್ರಿಂಟರ್ ಸೇರಿಸುವ ಹೊತ್ತಿಗೆ ‘ಫರ್ಬಿಡನ್’ ಎಂದು ಬಾಗಿಲು ಮುಚ್ಚಿಕೊಳ್ಳುತ್ತದೆ. ಕಪ್ಸ್‌ನ ವೆಬ್ ಪುಟ ಮೊದಲಿಗೆ ಪೈಯೊಳಗಿನಿಂದ ಮಾತ್ರ ತೆರೆಯುತ್ತದೆ. ‘ಕಪ್ಸ್‌ಸಿಟಿಎಲ್’ ಆದೇಶಕ್ಕೆ ರಿಮೋಟ್ ಅಡ್ಮಿನ್, ಶೇರ್ ಪ್ರಿಂಟರ್ಸ್ ಎಂಬ ಎರಡು ಆಯ್ಕೆ ಕೊಟ್ಟ ಮೇಲೆ ಮನೆಯ ಯಾವುದೇ ಬ್ರೌಸರಿನಿಂದ 631ನೇ ಪೋರ್ಟ್‌ನಲ್ಲಿ ಸಿಗುತ್ತದೆ. ಸರ್ಟಿಫಿಕೇಟ್ ಬಗ್ಗೆ ಬರುವ ಎಚ್ಚರಿಕೆ ಇಲ್ಲಿ ಸಹಜ. ಪುಟ ಐಪಿ ವಿಳಾಸದಲ್ಲಿ ತೆರೆದು, ಪೈನ ಹೆಸರಿನಲ್ಲಿ ‘ಬ್ಯಾಡ್ ರಿಕ್ವೆಸ್ಟ್’ ಎಂದರೆ ಕಪ್ಸ್‌ನ ಕಾನ್ಫಿಗ್ ಕಡತದಲ್ಲಿ ‘ಸರ್ವರ್‌ಅಲಿಯಾಸ್’ ಸಾಲಿಗೆ ಆ ಹೆಸರು ಸೇರಿಸಿ. ಪ್ರಿಂಟರ್ ಸೇರಿಸುವಾಗ ‘ಶೇರ್ ದಿಸ್ ಪ್ರಿಂಟರ್’ ಗುರುತು ಹಾಕುವುದನ್ನು ಮರೆಯಬೇಡಿ.

ಇಷ್ಟಾದರೆ ಟೆಸ್ಟ್ ಪೇಜ್ ಬಂದೇಬರುತ್ತದೆ. ಹೆಚ್ಚಿನ ಮಾರ್ಗದರ್ಶಿಗಳು ಇಲ್ಲಿಗೇ ಮುಗಿಯುತ್ತವೆ. ಅಸಲಿ ಕೆಲಸ ಶುರುವಾಗುವುದೇ ಇಲ್ಲಿಂದ.

ಮೊದಲನೆಯದು ಎರರ್ ಪಾಲಿಸಿ. ಡೀಫಾಲ್ಟ್ ‘ಸ್ಟಾಪ್ ಪ್ರಿಂಟರ್’. ಪ್ರಿಂಟರ್ ಆಫ್ ಇದ್ದಾಗಲೋ ಕೇಬಲ್ ಸಡಿಲವಾದಾಗಲೋ ಒಂದು ಕೆಲಸ ಕೆಟ್ಟರೆ ಕಪ್ಸ್ ಇಡೀ ಸರದಿಯನ್ನೇ ನಿಲ್ಲಿಸಿಬಿಡುತ್ತದೆ. ಆಮೇಲೆ ಪ್ರಿಂಟರ್ ಆನ್ ಮಾಡಿದರೂ ಏನೂ ಬರುವುದಿಲ್ಲ. ಯಾರಾದರೂ ವೆಬ್ ಪುಟಕ್ಕೆ ಹೋಗಿ ‘ರೆಸ್ಯೂಮ್ ಪ್ರಿಂಟರ್’ ಒತ್ತಬೇಕು, ಮನೆಯವರಿಗೆ ಅಂಥದ್ದೊಂದು ಪುಟ ಇದೆಯೆಂದೇ ಗೊತ್ತಿರುವುದಿಲ್ಲ. ‘ಸೆಟ್ ಡೀಫಾಲ್ಟ್ ಆಪ್ಷನ್ಸ್’ ಒಳಗೆ ‘ಪಾಲಿಸೀಸ್’ಗೆ ಹೋಗಿ ಇದನ್ನು ‘ರೀಟ್ರೈ ಜಾಬ್’ ಮಾಡಿ. ಇದೊಂದು ಬದಲಾವಣೆಯಿಂದಲೇ ಅರ್ಧ ದೂರುಗಳು ನಿಲ್ಲುತ್ತವೆ. ಇದಕ್ಕೂ ಒಂದು ಅಡ್ಡಪರಿಣಾಮವಿದೆ: ಪ್ರಿಂಟರ್ ಆಫ್ ಇದ್ದಾಗ ಒಬ್ಬರೇ ನಾಲ್ಕು ಸಲ ಪ್ರಿಂಟ್ ಒತ್ತಿದ್ದರೆ, ಆನ್ ಮಾಡಿದ ಕೂಡಲೇ ನಾಲ್ಕು ಪ್ರತಿಯೂ ಹೊರಬರುತ್ತವೆ.

ಎರಡನೆಯದು ವೈಫೈ ಪವರ್ ಸೇವ್. ಪೈನ ವೈಫೈ ಸುಮ್ಮನಿದ್ದಾಗ ಜೊಂಪಿಗೆ ಜಾರುತ್ತದೆ, ಅನೇಕ ಯಂತ್ರಗಳಿಗೆ ಒಟ್ಟಿಗೆ ಹೋಗುವ ಮಲ್ಟಿಕಾಸ್ಟ್ ಸಂದೇಶಗಳು ಅದಕ್ಕೆ ತಲುಪದೆ ಹೋಗುತ್ತವೆ. ಫೋನುಗಳು ಪ್ರಿಂಟರನ್ನು ಹುಡುಕುವುದೇ ಆ ಸಂದೇಶಗಳ ಮೂಲಕ. ಹೀಗಾಗಿ ಲ್ಯಾಪ್‌ಟಾಪಿನಿಂದ ಪ್ರಿಂಟ್ ಬರುತ್ತದೆ, ಫೋನಿನ ಪಟ್ಟಿಯಲ್ಲಿ ಪ್ರಿಂಟರೇ ಕಾಣದು. ಪೈನ ಸಂಪರ್ಕಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್‌ನಲ್ಲಿ ಆ ಸಂಪರ್ಕದ ಪವರ್‌ಸೇವ್ ಮೌಲ್ಯವನ್ನು 2 ಮಾಡಿ, ಅದು ‘ಆಫ್’ ಎಂಬರ್ಥ. ಆಮೇಲೂ ಕಾಣದಿದ್ದರೆ ಫೋನು ಗೆಸ್ಟ್ ವೈಫೈಯಲ್ಲಿದೆಯೇ ನೋಡಿ. ಅಲ್ಲಿ ಯಂತ್ರಗಳು ಒಂದಕ್ಕೊಂದು ಕಾಣದಂತೆ ರೌಟರೇ ತಡೆಯುತ್ತದೆ. ರೌಟರು ವಿಳಾಸ ಹಂಚುವ ಡಿಎಚ್‌ಸಿಪಿ ಪಟ್ಟಿಯಲ್ಲಿ ಪೈಗೆ ಒಂದು ಐಪಿ ಕಾಯ್ದಿರಿಸುವುದನ್ನೂ ಇದೇ ಹೊತ್ತಿಗೆ ಮುಗಿಸಿ. ಝೀರೊ 2 ಡಬ್ಲ್ಯುಗೆ 2.4 ಗಿಗಾಹರ್ಟ್ಸ್ ಬಿಟ್ಟರೆ ಬೇರೆ ಬ್ಯಾಂಡ್ ಸಿಗದು ಎಂಬುದೂ ನೆನಪಿರಲಿ.

ಕೆಲವು ಪ್ರಿಂಟರ್‌ಗಳು ಮೊದಲ ಕೆಲಸ ಮುಗಿಸಿ, ಎರಡನೆಯದಕ್ಕೆ ಅಲುಗಾಡುವುದಿಲ್ಲ. ಕೇಬಲ್ ಕಿತ್ತು ಹಾಕಿದರೆ ಮತ್ತೆ ಒಂದೇ ಕೆಲಸ. ಕೇಬಲ್ಲನ್ನು ಬೈಯುವ ಮುಂಚೆ ಕಾರಣ ತಿಳಿಯಿರಿ. ಕಪ್ಸ್ ಪ್ರಿಂಟ್ ಮಾಡುವಾಗ ಓಎಸ್‌ನ ತಿರುಳಾದ ಕರ್ನಲ್‌ನ ‘ಯುಎಸ್‌ಬಿಎಲ್‌ಪಿ’ ಡ್ರೈವರನ್ನು ಪಕ್ಕಕ್ಕೆ ಸರಿಸಿ, ಮುಗಿದ ಮೇಲೆ ವಾಪಸ್ ಜೋಡಿಸುತ್ತದೆ. ಈ ಹಸ್ತಾಂತರದಲ್ಲೇ ಕೆಲವು ಪ್ರಿಂಟರ್‌ಗಳು ಕಂಗೆಡುತ್ತವೆ. ಆ ಸರದಿಗೆ ‘ಯುಎಸ್‌ಬಿ ನೋ ರೀಅಟ್ಯಾಚ್ ಡೀಫಾಲ್ಟ್’ ಎಂಬ ಆಯ್ಕೆಯನ್ನು ‘ಟ್ರೂ’ ಮಾಡಿ, ಇಲ್ಲವೇ ಆ ಕರ್ನಲ್ ಡ್ರೈವರನ್ನೇ ಬ್ಲ್ಯಾಕ್‌ಲಿಸ್ಟ್ ಮಾಡಿ, ಅಂದರೆ ಲೋಡ್ ಆಗದಂತೆ ತಡೆಯಿರಿ. ಕಪ್ಸ್‌ಗೆ ಅದರ ಅಗತ್ಯವಿಲ್ಲ.

ಕಾಗದದ ಅಳತೆ ಲೆಟರ್ ಎಂದಿದ್ದು ಟ್ರೇಯಲ್ಲಿ ಎ4 ಇದ್ದರೆ ಪ್ರಿಂಟರ್ ದೀಪ ಮಿಟುಕಿಸುತ್ತಾ ನಿಲ್ಲುತ್ತದೆ. ಡೀಫಾಲ್ಟ್ ಆಯ್ಕೆಗಳಲ್ಲಿ ಟ್ರೇಯಲ್ಲಿರುವ ಅಳತೆಯನ್ನೇ ಕೊಡಿ. ಮುಗಿದ ಕೆಲಸಗಳ ಕಡತಗಳನ್ನು ಕಪ್ಸ್ ಒಂದು ದಿನ ಇಟ್ಟುಕೊಳ್ಳುತ್ತದೆ. ಎಸ್‌ಡಿ ಕಾರ್ಡಿನ ಆಯಸ್ಸಿಗೂ ಗೋಪ್ಯತೆಗೂ ‘ಪ್ರಿಸರ್ವ್‌ಜಾಬ್‌ಫೈಲ್ಸ್’ಗೆ ‘ನೋ’ ಎನ್ನುವುದು ಲೇಸು. ‘ಕಪ್ಸ್‌ಬ್ರೌಸ್ಡ್’ ಎಂಬ ಸೇವೆಯನ್ನೂ ನಿಲ್ಲಿಸಿ. ಅದು ಬೇರೆಯವರ ಪ್ರಿಂಟರ್ ಹುಡುಕಲು ಇರುವುದು, ನಿಮ್ಮದನ್ನು ಹಂಚಲು ಬೇಡ. 2024ರ ಸೆಪ್ಟೆಂಬರ್‌ನಲ್ಲಿ ದೊಡ್ಡ ಭದ್ರತಾ ಲೋಪ ಹೊರಬಿದ್ದದ್ದೂ ಅದರಲ್ಲೇ.

ವೇಗದ ವಿಷಯ. 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಒಂದು ಎ4 ಪುಟವೆಂದರೆ ಸುಮಾರು 4960 ಅಡ್ಡ, 7016 ಉದ್ದ ಚುಕ್ಕೆಗಳು. ಬರೀ ಕಪ್ಪುಬಿಳುಪಿಗೆ 4.3 ಎಂಬಿ, ಪೂರ್ಣ ಬಣ್ಣಕ್ಕೆ 104 ಎಂಬಿ. ಪೈನಲ್ಲಿರುವುದು 512 ಎಂಬಿ ರ‍್ಯಾಮ್. ಅಕ್ಷರಗಳ ಪುಟ ಸರಾಗ. ಫೋಟೊ, ಪಾರದರ್ಶಕ ಪದರಗಳು ತುಂಬಿದ ಪಿಡಿಎಫ್ ಆದರೆ ಪ್ರತಿ ಪುಟಕ್ಕೂ ಪ್ರಿಂಟರ್ ಕಾಯುತ್ತಾ ನಿಲ್ಲುತ್ತದೆ. ಅಂಥದ್ದೇ ಹೆಚ್ಚಿದ್ದರೆ 2 ಜಿಬಿಯ ಪೈ 4 ತಗೊಳ್ಳಿ, ಅಥವಾ ರೆಸಲ್ಯೂಷನ್ 300ಕ್ಕೆ ಇಳಿಸಿ.

ಐಫೋನ್, ಮ್ಯಾಕ್‌ಗಳಲ್ಲಿ ಏರ್‌ಪ್ರಿಂಟ್ ಆಗಿ ತಾನಾಗೇ ಕಾಣುತ್ತದೆ, ಆಂಡ್ರಾಯ್ಡ್‌ನಲ್ಲಿ ಅದರದೇ ಡೀಫಾಲ್ಟ್ ಪ್ರಿಂಟ್ ಸರ್ವಿಸ್ ಸಾಕು. ವಿಂಡೋಸ್‌ನಲ್ಲಿ ಮಾತ್ರ ಜನ ಒಂದೇ ಗುಂಡಿಗೆ ಬೀಳುತ್ತಾರೆ: ಪಟ್ಟಿಯಲ್ಲಿ ಪ್ರಿಂಟರ್ ಕಂಪನಿಯ ಡ್ರೈವರನ್ನೇ ಆರಿಸುತ್ತಾರೆ. ಆಗ ವಿಂಡೋಸ್ ಒಮ್ಮೆ ಪುಟವನ್ನು ಪ್ರಿಂಟರ್ ಭಾಷೆಗೆ ಮಾರ್ಪಡಿಸಿ ಕಳಿಸುತ್ತದೆ, ಕಪ್ಸ್ ಅದನ್ನು ಗುರುತಿಸಲಾಗದೆ ತಿರಸ್ಕರಿಸುತ್ತದೆ, ಇಲ್ಲವೇ ಹಾಳೆಗಟ್ಟಲೆ ಚಿತ್ರವಿಚಿತ್ರ ಅಕ್ಷರ ಉಗುಳಿಸುತ್ತದೆ. ಡ್ರೈವರ್ ಪೈನಲ್ಲಿದೆಯೆಂದ ಮೇಲೆ ವಿಂಡೋಸ್‌ನಲ್ಲಿ ‘ಮೈಕ್ರೋಸಾಫ್ಟ್ ಐಪಿಪಿ ಕ್ಲಾಸ್ ಡ್ರೈವರ್’ ಇರಬೇಕು.

ಪ್ರಿಂಟರಿನಲ್ಲಿ ಸ್ಕ್ಯಾನರ್ ಕೂಡ ಇದ್ದರೆ ಕಪ್ಸ್ ಅದನ್ನು ಮುಟ್ಟುವುದಿಲ್ಲ. ಸೇನ್ ಎಂಬ ಲಿನಕ್ಸ್ ಸ್ಕ್ಯಾನರ್ ವ್ಯವಸ್ಥೆಯ ಡ್ರೈವರ್ ಇರುವ ಸ್ಕ್ಯಾನರ್ ಆದರೆ ಏರ್‌ಸೇನ್ ಎಂಬ ಪ್ರತ್ಯೇಕ ತಂತ್ರಾಂಶ ಹಾಕಬೇಕು, 8090ನೇ ಪೋರ್ಟ್‌ನಲ್ಲಿ ಬ್ರೌಸರಿನಿಂದಲೇ ಸ್ಕ್ಯಾನ್ ಮಾಡಬಹುದು. ಇಂಕ್ ಮಟ್ಟ ತೋರಿಸುವುದು ಡ್ರೈವರಿನ ಮರ್ಜಿ, ಅದನ್ನು ನೆಚ್ಚಬೇಡಿ. ಪ್ರಿಂಟರ್ ಸೇರಿಸುವಾಗ ಆದೇಶದ ಕೊನೆಗೆ ‘ಡ್ರೈವರ್‌ಗಳು ಮುಂದಿನ ಆವೃತ್ತಿಯಲ್ಲಿ ಕೆಲಸ ಮಾಡುವುದಿಲ್ಲ’ ಎಂಬ ಸಾಲು ಕಂಡರೆ ಗಾಬರಿ ಬೇಡ, ಕಪ್ಸ್‌ನ ಈಗಿನ 2.4 ಸರಣಿಯಲ್ಲಿ ಅವು ನಡೆಯುತ್ತವೆ. ಆದರೆ ಕಪ್ಸ್ 3ರಲ್ಲಿ ಹಳೆಯ ಡ್ರೈವರ್‌ಗಳಿಗೆ ಜಾಗವಿಲ್ಲ, ಪ್ರಿಂಟರ್ ಅಪ್ಲಿಕೇಷನ್ ಎಂಬ ಹೊಸ ರೂಪಕ್ಕೆ ಅವು ಬದಲಾಗಬೇಕು. ಆದ್ದರಿಂದ ಓಎಸ್‌ನ ದೊಡ್ಡ ಅಪ್‌ಗ್ರೇಡ್‌ಗೆ ಕೈಹಾಕುವ ಮುಂಚೆ ಈಗ ಓಡುತ್ತಿರುವ ಕಾರ್ಡಿನ ಪೂರ್ತಿ ಇಮೇಜ್ ತೆಗೆದಿಟ್ಟು, ಹೊಸದನ್ನು ಬೇರೆ ಕಾರ್ಡಿನಲ್ಲಿ ಪ್ರಯೋಗಿಸಿ.