ಮೂರು ವರ್ಷ ಸಬ್‌ಮರೀನ್ ಮುಳುಗಿಸಿದ ಮೇಲೆ

ಇದು ಪ್ಲಾಸ್ಟಿಕ್ ಕಿಟ್‌ನ ವಿಮರ್ಶೆ ಅಲ್ಲ. ಕಿಟ್ ಚೆನ್ನಾಗಿದೆ. ಎರಡನೇ ಮಹಾಯುದ್ಧದ ಜರ್ಮನ್ ಸಬ್‌ಮರೀನ್ ಟೈಪ್ ಸೆವೆನ್ ಸಿಯ 1/72 ಅಳತೆಯ ಮಾಡೆಲ್, 93 ಸೆಂಟಿಮೀಟರ್ ಉದ್ದ, ಉಳಿದದ್ದು ನಿಮಗೆ ಗೊತ್ತೇ ಇರುತ್ತದೆ. ನಾನು ಬರೆಯುತ್ತಿರುವುದು ಅದರ ಹೊಟ್ಟೆಯೊಳಗೆ ಕೂರುವ ಸಿಲಿಂಡರ್ ಬಗ್ಗೆ. ಮೋಟಾರ್, ಬ್ಯಾಟರಿ, ರಡ್ಡರ್ ತಿರುಗಿಸುವ ಸರ್ವೋ ಎಂಬ ಪುಟ್ಟ ಮೋಟಾರ್, ರೇಡಿಯೋ ಸಿಗ್ನಲ್ ಹಿಡಿಯುವ ರಿಸೀವರ್, ನೀರು ಎಳೆದುಕೊಂಡು ಮುಳುಗಿಸುವ, ಹೊರಗೆ ತಳ್ಳಿ ಏಳಿಸುವ ಪಿಸ್ಟನ್ ಟ್ಯಾಂಕ್ ಎಲ್ಲ ಅದರಲ್ಲೇ. ಹೊರಗಿನ ಹಲ್ ಅಂದರೆ ಹಡಗಿನ ಮೈ ತುಂಬ ನೀರು ತುಂಬಿಕೊಳ್ಳುತ್ತದೆ, ಸಿಲಿಂಡರ್ ಒಳಗೆ ಮಾತ್ರ ಆ ಟ್ಯಾಂಕ್ ಬಿಟ್ಟರೆ ಒಂದು ಹನಿಯೂ ಬರಬಾರದು. ಬಂತು.

ಸಿಲಿಂಡರ್ ಹೊರದೇಶದಿಂದ ತರಿಸಿದ್ದು, ಕಸ್ಟಮ್ಸ್ ಸೇರಿ 34 ಸಾವಿರ. ಮನೆಯಲ್ಲಿ ಹೇಳಿದ ರೇಟು ಬೇರೆ. ದಡದಿಂದ ಓಡಿಸುವ ರೇಡಿಯೋಗೆ ಮತ್ತೆ ಖರ್ಚು, ಯಾಕೆಂದರೆ ಡ್ರೋನಿಗೆ ಬಳಸುವ 2.4 ಗಿಗಾಹರ್ಟ್ಸ್ ನೀರೊಳಗೆ ನಡೆಯುವುದಿಲ್ಲ. ಒಂದು ಗೇಣು ಇಳಿಯುವಷ್ಟರಲ್ಲಿ ಸಿಗ್ನಲ್ ಹೋಯ್ತು. ಹಳೇ ಕಾಲದ 40 ಮೆಗಾಹರ್ಟ್ಸ್ ಸೆಟ್ಟನ್ನೇ ಹುಡುಕಿ ತಂದೆ.

ಓಡಿಸುವುದು ಹಿರಿಯಡ್ಕದ ಮಾವನ ಮನೆಯ ತೋಟದ ಕೆರೆಯಲ್ಲಿ. ಮೊದಲ ವರ್ಷ ನಾಲ್ಕು ಸಲ ಒಳಗೆ ನೀರು ನುಗ್ಗಿತು, ಎರಡು ಸರ್ವೋ ಸತ್ತವು. ಮಾವ ಅಡಿಕೆ ಹೆಕ್ಕುತ್ತಾ ಪ್ರತಿ ಸಲವೂ ಒಂದೇ ಪ್ರಶ್ನೆ. "ಎಂತ ಮಾರಾಯ್ರೇ, ಮುಳುಗಿದ್ದೋ, ಮುಳುಗಿಸಿದ್ದೋ?" ಮಾರಿದವನಿಗೆ ಮೇಲ್ ಮಾಡಿದರೆ "ಓ ರಿಂಗಿಗೆ ಗ್ರೀಸ್ ಹಚ್ಚಿ" ಅಂತ ಒಂದು ಸಾಲಿನ ಉತ್ತರ. ಓ ರಿಂಗ್ ಅಂದರೆ ಮುಚ್ಚಳದಲ್ಲಿ ನೀರು ತಡೆಯುವ ರಬ್ಬರ್ ಬಳೆ. ಹಚ್ಚಿದ್ದೆ. ಹೊಸ ಓ ರಿಂಗ್ ಹಾಕಿದೆ, ಆದರೂ ನೀರು. ಆಗ ಇದನ್ನು ಬರೆದಿದ್ದರೆ ಒಂದು ಸ್ಟಾರ್ ಕೊಡುತ್ತಿದ್ದೆ, ಜೊತೆಗೆ ಇಲ್ಲಿ ಬರೆಯಬಾರದ ನಾಲ್ಕು ಮಾತು.

ಆಮೇಲೆ ಒಂದು ದಿನ ಕಣ್ಣಿಗೆ ಬಿತ್ತು. ಮುಳುಗುವಾಗ ಹಿಂದಿನ ಮುಚ್ಚಳದ ಹತ್ತಿರದಿಂದ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಹೊರಡುತ್ತಿದ್ದವು. ಅಂದರೆ ನೀರು ಒಳಗೆ ಹೋಗುತ್ತಿಲ್ಲ, ಗಾಳಿ ಹೊರಗೆ ಬರುತ್ತಿದೆ. ಸಿಲಿಂಡರಿನಲ್ಲಿ ಇರುವುದು ಹೆಚ್ಚುಕಡಿಮೆ ಒಂದು ಲೀಟರ್ ಗಾಳಿ. ಪಿಸ್ಟನ್ 250 ಮಿಲಿ ನೀರು ಎಳೆದುಕೊಂಡರೆ ಅಷ್ಟೂ ಗಾಳಿ ಮುಕ್ಕಾಲು ಲೀಟರ್ ಜಾಗದಲ್ಲಿ ಒತ್ತಿಕೊಂಡು ಕೂರಬೇಕು. ಒಂದೂವರೆ ಮೀಟರ್ ಆಳದ ಕೆರೆಯ ನೀರಿನ ಒತ್ತಡಕ್ಕಿಂತ ಅದು ಜಾಸ್ತಿ, ಹಾಗಾಗಿ ಸಣ್ಣ ಸಂದು ಸಿಕ್ಕಿದರೂ ಗಾಳಿ ಹೊರಗೆ. ಮೇಲೆ ಬರಲು ಪಿಸ್ಟನ್ ನೀರನ್ನು ತಳ್ಳಿದಾಗ ಒಳಗೆ ಗಾಳಿ ಕಮ್ಮಿ, ಆಗ ಅದೇ ಸಂದಿನಿಂದ ಕೆರೆಯ ನೀರನ್ನು ಸ್ಟ್ರಾದಲ್ಲಿ ಹೀರಿದ ಹಾಗೆ ಹೀರುತ್ತದೆ. ನಾನು ವರ್ಷವಿಡೀ ಮುಳುಗುವಾಗ ಹೆದರುತ್ತಿದ್ದೆ, ಕೆಡುತ್ತಿದ್ದದ್ದು ಏಳುವಾಗ!

ಇನ್ನೊಂದು ತಪ್ಪು ನನ್ನದೇ. ಏಪ್ರಿಲ್ ಬಿಸಿಲಲ್ಲಿ ಕಾರಿನ ಬಾನೆಟ್ ಮೇಲಿಟ್ಟು ಮುಚ್ಚಳ ಹಾಕುತ್ತಿದ್ದೆ. ಒಳಗೆ ಬಿಸಿ ಗಾಳಿ, ಕೆರೆ ತಣ್ಣಗೆ. ಗಾಳಿ ಕುಗ್ಗಿ ಮತ್ತೆ ಅದೇ ಹೀರಾಟ. ಈಗ ನೆರಳಲ್ಲಿ ಕೂತೇ ಮುಚ್ಚುತ್ತೇನೆ.

ಸಂದು ಇದ್ದದ್ದು ದೊಡ್ಡ ಓ ರಿಂಗಿನಲ್ಲಿ ಅಲ್ಲ, ದಿಕ್ಕು ತಿರುಗಿಸುವ ರಡ್ಡರಿನ ತಂತಿ ಹೊರಬರುವ ಪುಟ್ಟ ರಬ್ಬರ್ ಸೀಲಿನಲ್ಲಿ. ಈಗ ಪ್ರತಿ ಸಲ ಒಂದು ಪೂಜೆ ಇದೆ. ಮಣಿಪಾಲದ ಮೆಡಿಕಲ್ ಶಾಪಿನಿಂದ ತಂದ ಡ್ರಿಪ್ ಪೈಪನ್ನು ಸಿಲಿಂಡರಿನ ನಿಪ್ಪಲಿಗೆ ಸಿಕ್ಕಿಸಿ, ಬಾಯಲ್ಲಿ ಊದಿ, ಪೈಪನ್ನು ಮಡಚಿ ಹಿಡಿದು, ಬಕೆಟಿನಲ್ಲಿ ಪೂರ್ತಿ ಅದ್ದಿ ನೂರು ಎಣಿಸುವುದು. ಗುಳ್ಳೆ ಬಂದರೆ ಆ ಭಾನುವಾರ ಕ್ಯಾನ್ಸಲ್.

ಇನ್ನು ತೂಕ ಹೊಂದಿಸುವುದು. ಇಷ್ಟು ಖುಷಿ ಕೊಡುತ್ತದೆ ಅಂತ ಗೊತ್ತಿರಲಿಲ್ಲ. ನಿಜವಾದ ಸೆವೆನ್ ಸಿ ಪಕ್ಕಕ್ಕೆ ಸರಿಸುವ ನೀರು ತೇಲುವಾಗ 769 ಟನ್, ಮುಳುಗಿದಾಗ 871 ಟನ್. ಉದ್ದ, ಅಗಲ, ಎತ್ತರ ಮೂರೂ ಕುಗ್ಗಿರುವುದರಿಂದ ನಡುವಿನ 102 ಟನ್ನನ್ನು ಮೂರು ಸಲ 72ರಿಂದ ಭಾಗಿಸಿದರೆ ಸುಮಾರು 270 ಗ್ರಾಂ, ಅಂದರೆ ದೊಡ್ಡ ಲೋಟ ನೀರು. ಅಷ್ಟೇ ಆಟ. ಮಲ್ಪೆಯ ಬಲೆ ಅಂಗಡಿಯಿಂದ ಸೀಸದ ಗುಂಡು ತಂದು ತಳಕ್ಕೆ ಅಂಟಿಸಿದೆ, ಮೀನಿನ ಬಾಕ್ಸಿನ ಥರ್ಮಾಕೋಲನ್ನು ಬೆರಳಷ್ಟು ತುಂಡು ಮಾಡಿ ಮೇಲ್ಭಾಗಕ್ಕೆ. ಹಿಂದೆ ಒಂದು ಗುಂಡು ಕಿತ್ತು ಮುಂದೆ ಹಾಕಿದರೆ ಮೂತಿ ಬಾಗುತ್ತದೆ. ಹಾಗೇ ಸರಿಸುತ್ತಾ ಕೂತರೆ ಕೊನೆಗೆ ಪೆರಿಸ್ಕೋಪ್ ತುದಿ ಮಾತ್ರ ನೀರಿನ ಮೇಲೆ, ಇಡೀ ಹಡಗು ಅಲುಗಾಡದೆ ನಿಲ್ಲುತ್ತದೆ. ಅದನ್ನು ನೋಡುತ್ತಾ ಎರಡು ಸಲ ಚಹಾ ತಣ್ಣಗಾಗಿದೆ.

ಕಲ್ಯಾಣಪುರದ ಹೊಳೆಗೆ ಮಾತ್ರ ಒಯ್ಯಬೇಡಿ. ಬೇಸಿಗೆಯಲ್ಲಿ ಅಲ್ಲಿ ಉಪ್ಪುನೀರು. ಉಪ್ಪುನೀರು ಎತ್ತಿ ಹಿಡಿಯುವುದು ಜಾಸ್ತಿ, ಪೂರ್ತಿ ಸಮುದ್ರದ ನೀರಾದರೆ ಎರಡು ಕೇಜಿಯ ಮಾಡೆಲಿಗೆ ಇನ್ನೂ 50 ಗ್ರಾಂ ಸೀಸ ಬೇಕು. ನನ್ನದು ಮುಳುಗಲೇ ಒಪ್ಪಲಿಲ್ಲ. ಸೀಸ ಹಾಕಿ ಮುಳುಗಿಸಿದರೆ ರೇಡಿಯೋ ಕಟ್. ಉಪ್ಪುನೀರಲ್ಲಿ 40 ಮೆಗಾಹರ್ಟ್ಸ್ ಕೂಡ ಸಾಯುತ್ತದೆ. ಸಿಗ್ನಲ್ ತಪ್ಪಿದರೆ ತಾನೇ ಟ್ಯಾಂಕ್ ಖಾಲಿ ಮಾಡುವ ಫೇಲ್‌ಸೇಫ್ ಇದ್ದದ್ದಕ್ಕೆ ವಾಪಸ್ ಸಿಕ್ಕಿತು. ಅದೊಂದಕ್ಕೆ ಈ ಸಿಲಿಂಡರಿಗೆ ಪೂರ್ತಿ ಮಾರ್ಕು.

ಈಗ ಮೂರೂವರೆ ಸ್ಟಾರ್. ಕೈಯಲ್ಲಿ ದುಡ್ಡು ಎಣಿಸಿ ಇಟ್ಟುಕೊಂಡವರು ಮೊದಲು ನೀರಿನ ಮೇಲೆ ಓಡುವ ದೋಣಿ ಮಾಡಿ. ತೆಗೆದುಕೊಳ್ಳುವವರು ಆ ಪುಟ್ಟ ಸೀಲುಗಳನ್ನು ಜೊತೆಗೇ ಅರ್ಧ ಡಜನ್ ತರಿಸಿಕೊಳ್ಳಿ, ಆಮೇಲೆ ಬೇರೆಯಾಗಿ ತರಿಸಿದರೆ ಸೀಲಿಗಿಂತ ಪಾರ್ಸೆಲ್ ಚಾರ್ಜೇ ಜಾಸ್ತಿ. ನನ್ನ ಹತ್ತಿರ ಇನ್ನು ಎರಡು ಉಳಿದಿವೆ.