ಮರದ ನೆರಳಿನ ಜಾಗಕ್ಕೆ ಏಲಕ್ಕಿಯೋ, ಕಾಳುಮೆಣಸೋ?

ಸಕಲೇಶಪುರ, ಮೂಡಿಗೆರೆ ಕಡೆ ತೋಟದ ಮೂಲೆಯಲ್ಲಿ ಕಾಡುಮರಗಳ ತುಂಡು ಜಾಗವಿದ್ದರೆ ಮೊದಲು ನೋಡಬೇಕಾದ್ದು ಬೇಸಿಗೆಯ ನೀರು. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ನೀರು ಕೊಡಲಾಗದಿದ್ದರೆ ಏಲಕ್ಕಿಯ ಆಸೆ ಬಿಡಿ. ಬೇರು ಮೇಲ್ಮಣ್ಣಿನಲ್ಲೇ ಇರುವುದರಿಂದ ಬುಡ ಬೇಗ ಒಣಗುತ್ತದೆ. ಮೆಣಸಿನ ಬಳ್ಳಿ, ಬುಡಕ್ಕೆ ತರಗು ಹೊದಿಸಿದರೆ, ಹೇಗೋ ತಡೆದುಕೊಳ್ಳುತ್ತದೆ.

ನೆರಳು ದಟ್ಟವಾಗಿದ್ದು ಜೌಗಿಲ್ಲದ ತಂಪು ಕಣಿವೆಯಾದರೆ ಏಲಕ್ಕಿಯೇ ಸರಿ: ಆರಡಿ ಅಂತರ, ಮೂಡಿಗೆರೆ-1 ತಳಿ. ಪಣಿಯೂರು-1 ಮೆಣಸಿಗೆ ಬೆಳಕು ಬೇಕು, ಮಳೆಗೆ ಮುಂಚೆ ನೆರಳು ಮರದ ಕೊಂಬೆ ಸವರದಿದ್ದರೆ ಎಲೆ ಜಾಸ್ತಿ, ಕಾಳು ಕಡಿಮೆ.

ರೋಗದಲ್ಲಿ ಎರಡೂ ಕಾಡುತ್ತವೆ. ಮೆಣಸಿಗೆ ಸೊರಗು ರೋಗ, ಬುಡದಲ್ಲಿ ನೀರು ನಿಂತರೆ ಬಳ್ಳಿ ವಾರಗಳಲ್ಲೇ ಹೋಯಿತು. ಬಸಿಗಾಲುವೆ ತೆಗೆದು, ಮಳೆಗೆ ಮುಂಚೆ ಮತ್ತು ಆಗಸ್ಟ್ ಬಿಡುವಿನಲ್ಲಿ ಶೇ. 1ರ ಬೋರ್ಡೋ (ಶಿಲೀಂಧ್ರನಾಶಕ ದ್ರಾವಣ) ಹೊಡೆಯಿರಿ: 100 ಲೀಟರ್ ನೀರಿಗೆ ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ತಿರುಗಾಮುರುಗಾ ಅಲ್ಲ. ಏಲಕ್ಕಿಯ ಕಟ್ಟೆ ರೋಗಕ್ಕೆ ಮದ್ದೇ ಇಲ್ಲ. ಗಿಡಹೇನು ಹರಡುವ ವೈರಸ್ ಅದು. ಗಿಡ ಬುಡಸಮೇತ ಕಿತ್ತು ನಾಶಮಾಡಬೇಕು.

ಆಳು ಸಿಗದವರಿಗೆ ಮೆಣಸು ವಾಸಿ. ಕೊಯ್ಲು ಒಂದೆರಡು ಸುತ್ತು, ಒಣಗಿಸಲು ಕಣ ಸಾಕು. ಏಲಕ್ಕಿಯನ್ನು ಆಗಸ್ಟ್‌ನಿಂದ ತಿಂಗಳಿಗೊಮ್ಮೆಯಾದರೂ ಬಿಡಿಸಬೇಕು, ಮಳೆಯಲ್ಲಿ ಡ್ರೈಯರ್ ಬೇಕು. ಐದು ಕೆ.ಜಿ. ಹಸಿಗೆ ಒಣಗಿದ್ದು ಒಂದೇ ಕೆ.ಜಿ.